ಹತ್ತು ಗಂಟೆ ಲೈವ್ ಕೂತರೆ ಚಾನೆಲ್ ಬೆಳೆಯುತ್ತದೆಯೇ? ಸ್ವಂತ ಲೈವ್ ನಡೆಸುವವರು ಯಾವ ಕೆಲಸ ಮೊದಲು ಮಾಡಬೇಕು?

ದಿನಕ್ಕೆ ಹತ್ತು ಗಂಟೆ ಬಿಡದೆ ಲೈವ್ ಬಂದರೆ ಮೂರು ತಿಂಗಳಲ್ಲಿ ಚಾನೆಲ್ ಎದ್ದು ನಿಲ್ಲುತ್ತದೆ, ಮನೆಯಲ್ಲೇ ಕೂತು ಸಂಪಾದಿಸಬಹುದು ಎನ್ನುವ ಧಾಟಿಯ ಸಂದೇಶಗಳು ನಿಮ್ಮ ಫೋನಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬಗೆಯವು ಬರುತ್ತವೆ. ಬೆಳಿಗ್ಗೆ ನಾಲ್ಕಕ್ಕೆ ಏಳಿ, 21 ದಿನ ಮಾಡಿದರೆ ಯಾವ ಅಭ್ಯಾಸವೂ ಕೂತುಬಿಡುತ್ತದೆ, ಗೆದ್ದವರೆಲ್ಲ ಒಟ್ಟಿಗೆ ಐದು ಕೆಲಸ ಮಾಡುತ್ತಾರೆ, ಹೀಗೆ. ಎರಡನ್ನೂ ನಂಬಿ ಕೆಲಸಕ್ಕಿಳಿದರೆ ಏನಾಗುತ್ತದೆ ಎಂಬುದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ.

ಈ ಲೇಖನದಲ್ಲಿ ನಾವು ನೋಡುತ್ತಿರುವುದು ಯಾರ ಕೈಕೆಳಗೂ ಇಲ್ಲದೆ ಸ್ವಂತವಾಗಿ ಲೈವ್ ನಡೆಸುವವರ ಕೆಲಸವನ್ನು. ಗೇಮ್ ಆಡುವವರಿರಬಹುದು, ಸೀರೆ ತೋರಿಸಿ ಮಾರುವವರಿರಬಹುದು, ಪಿಯು ಮಕ್ಕಳಿಗೆ ಸಂಜೆ ಪಾಠ ಹೇಳುವವರಿರಬಹುದು. ಇವರಿಗೆ ಬಾಸ್ ಇಲ್ಲ ಎಂಬುದು ಹೊರಗಿನವರಿಗೆ ಕಾಣುವ ಸುಖ. ಆದರೆ ಅಲ್ಲಿ ಮಾತನಾಡುವವರು, ಕ್ಯಾಮೆರಾ ಹಿಡಿಯುವವರು, ಲೆಕ್ಕ ಬರೆಯುವವರು, ಕರೆಂಟ್ ಹೋದರೆ ಓಡುವವರು ಎಲ್ಲ ಒಬ್ಬರೇ. ಹೀಗಾಗಿ ಯಾವ ಕೆಲಸ ಮೊದಲು ಎಂಬ ಪ್ರಶ್ನೆ ಅವರಿಗೆ ದಿನವೂ ಇದ್ದದ್ದೇ.

4,000 ಗಂಟೆ ಎಂದರೆ ಯಾರ ಗಂಟೆ?

ಹತ್ತು ಗಂಟೆಯ ನಂಬಿಕೆಗೆ ಮೂಲ ಯೂಟ್ಯೂಬಿನ ಒಂದು ನಿಯಮ. ಜಾಹೀರಾತಿನ ಹಣದಲ್ಲಿ ಪಾಲು ಸಿಗಬೇಕಾದರೆ ಚಾನೆಲ್‌ಗೆ 1,000 ಚಂದಾದಾರರು ಇರಬೇಕು, ಜೊತೆಗೆ ಕಳೆದ 12 ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ ಆಗಿರಬೇಕು. ಶಾರ್ಟ್ಸ್ ದಾರಿಯಲ್ಲಿ ಹೋಗುವವರಿಗೆ 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ ಎಂಬ ಬೇರೆ ಲೆಕ್ಕವಿದೆ. ಸೂಪರ್ ಚಾಟ್, ಸದಸ್ಯತ್ವದಂಥ ವೀಕ್ಷಕರೇ ಕೊಡುವ ಹಣಕ್ಕೆ ಮಿತಿ ಇನ್ನೂ ಕಡಿಮೆ: 500 ಚಂದಾದಾರರು, 90 ದಿನಗಳಲ್ಲಿ ಮೂರು ವಿಡಿಯೊ, 3,000 ಗಂಟೆಯ ವೀಕ್ಷಣೆ.

ಈ ಗಂಟೆಗಳು ನೀವು ಕೂತ ಗಂಟೆಗಳಲ್ಲ, ನೋಡುವವರು ನೋಡಿದ ಗಂಟೆಗಳು. ಇಷ್ಟು ಸಣ್ಣ ವ್ಯತ್ಯಾಸ ತಿಳಿಯದೆ ಮೈ ಕರಗಿಸಿಕೊಳ್ಳುವುದು ಸುಲಭ. ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬರು ದಿನಕ್ಕೆ 10 ಗಂಟೆ ಲೈವ್ ಬರುತ್ತಾರೆ, ಸರಾಸರಿ 8 ಜನ ನೋಡುತ್ತಿರುತ್ತಾರೆ. ದಿನಕ್ಕೆ 80 ಗಂಟೆಯ ವೀಕ್ಷಣೆ ಆಯಿತು. ಇನ್ನೊಬ್ಬರು 2 ಗಂಟೆ ಮಾತ್ರ ಬರುತ್ತಾರೆ, ಆದರೆ ಜನ ಬಿಡುವಾಗಿರುವ ಹೊತ್ತಿಗೆ, ಹೇಳಿದ ಸಮಯಕ್ಕೆ, ತಯಾರಿ ಮಾಡಿಕೊಂಡು. ಸರಾಸರಿ 40 ಜನ ನೋಡುತ್ತಾರೆ. ಅವರದೂ 80 ಗಂಟೆ. ಇಬ್ಬರೂ 50 ದಿನಕ್ಕೆ 4,000 ಮುಟ್ಟುತ್ತಾರೆ. ಎರಡನೆಯವರ ಕೈಯಲ್ಲಿ ಪ್ರತಿದಿನ ಎಂಟು ಗಂಟೆ ಉಳಿದಿರುತ್ತದೆ.

ನಿಮ್ಮ ಚಾನೆಲ್‌ನಲ್ಲಿ ಯಾವುದು ನಿಜ ಎಂದು ಊಹಿಸಬೇಕಾಗಿಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರತಿ ಲೈವ್‌ಗೂ, ಯಾವ ನಿಮಿಷದಲ್ಲಿ ಎಷ್ಟು ಜನ ಒಟ್ಟಿಗೆ ನೋಡುತ್ತಿದ್ದರು ಎಂಬ ಗೆರೆಚಿತ್ರ ಸಿಗುತ್ತದೆ. ಕಳೆದ ಹತ್ತು ಲೈವ್‌ಗಳ ಗೆರೆಚಿತ್ರ ತೆಗೆದು ನೋಡಿ. ಗೆರೆ ಎಲ್ಲಿ ಜಾರಿ ಕೆಳಗೆ ಬೀಳುತ್ತದೋ ಅದರ ಆಚೆಗೆ ಕೂರುವುದು ಬಹುತೇಕ ಹಠಕ್ಕೆ. ಇನ್ನೊಂದು ಮಾತು, ಲೈವ್ ಮುಗಿದ ಮೇಲೆ ಆ ವಿಡಿಯೊವನ್ನು ಅಳಿಸಿದರೆ ಅಥವಾ ಖಾಸಗಿ ಮಾಡಿದರೆ ಆ ವೀಕ್ಷಣೆಯ ಗಂಟೆಗಳು ಲೆಕ್ಕದಿಂದ ಹೋಗುತ್ತವೆ. 12 ಗಂಟೆ ಮೀರಿದ ಲೈವ್ ತಾನಾಗಿ ಚಾನೆಲ್‌ನಲ್ಲಿ ಉಳಿಯುವುದೂ ಇಲ್ಲ. ದಾಖಲೆ ಮಾಡುತ್ತೇನೆಂದು 24 ಗಂಟೆ ಕೂರುವವರು ಇದನ್ನು ಮೊದಲೇ ತಿಳಿದಿರಲಿ.

ಹೆಚ್ಚು ಕೂತರೆ ದೇಹಕ್ಕೆ ಏನಾಗುತ್ತದೆ?

ದಿನಕ್ಕೆ 10 ಗಂಟೆ, ರಜೆ ಇಲ್ಲದೆ ಎಂದರೆ ವಾರಕ್ಕೆ 70 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಒಂದು ಅಂದಾಜು ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು 35%, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು ಎಂದು ಅದು ಹೇಳಿತು.

ಇದನ್ನೂ ತಪ್ಪಾಗಿ ಫಾರ್ವರ್ಡ್ ಮಾಡಬೇಡಿ. 35% ಹೆಚ್ಚು ಎಂದರೆ ನೂರರಲ್ಲಿ 35 ಜನರಿಗೆ ಪಾರ್ಶ್ವವಾಯು ಬರುತ್ತದೆ ಎಂದಲ್ಲ. ಒಂದು ಗುಂಪಿನಲ್ಲಿ ಸಾವಿರಕ್ಕೆ 10 ಜನರಿಗೆ ಬರುತ್ತಿತ್ತು ಎಂದಿಟ್ಟುಕೊಂಡರೆ, ಹೆಚ್ಚು ದುಡಿಯುವವರ ಗುಂಪಿನಲ್ಲಿ ಅದು 13 ಅಥವಾ 14 ಆಗುತ್ತದೆ ಎಂದರ್ಥ. ಹೆದರಿ ಓಡುವಂಥದ್ದಲ್ಲ, ಆದರೆ ವರ್ಷಗಟ್ಟಲೆ ಹಾಗೆಯೇ ಕೂರುತ್ತೇನೆ ಎನ್ನುವವರು ಎಣಿಸಲೇಬೇಕಾದ ಸಂಖ್ಯೆ.

ಲೈವ್ ಮಾಡುವವರಿಗೆ ಇನ್ನೊಂದು ಬಂಡವಾಳ ಗಂಟಲು. ಮಾತನಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಗಂಡಸರಲ್ಲಿ ನೂರಕ್ಕೂ ಹೆಚ್ಚು ಬಾರಿ, ಹೆಂಗಸರಲ್ಲಿ ಸುಮಾರು ಇನ್ನೂರು ಬಾರಿ ಕಂಪಿಸುತ್ತವೆ. ಕಿರುಚುತ್ತಾ ಮೂರು ಗಂಟೆ ಗೇಮ್ ಆಡುವವರ ಧ್ವನಿ ಒಡೆಯುವುದರಲ್ಲಿ ಆಶ್ಚರ್ಯವಿಲ್ಲ. ಮೈಕನ್ನು ಬಾಯಿಯ ಹತ್ತಿರ ತಂದು ದನಿ ತಗ್ಗಿಸುವುದು ಜೇನು, ಶುಂಠಿಗಿಂತ ದೊಡ್ಡ ಮದ್ದು. ಗೊಗ್ಗರು ದನಿ ಮೂರು ವಾರ ದಾಟಿದರೂ ಹೋಗದಿದ್ದರೆ ಕಿವಿ ಮೂಗು ಗಂಟಲು ವೈದ್ಯರನ್ನು ನೋಡಬೇಕು.

ನಾಲ್ಕು ಗಂಟೆಗೆ ಏಳುವ ಸಲಹೆಯ ಬಗ್ಗೆ ಒಂದೇ ಮಾತು: ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದಕ್ಕೆ ಲೈವ್ ಮುಗಿಸಿ, ಮನಸ್ಸು ತಣ್ಣಗಾಗಲು ಇನ್ನೊಂದು ಗಂಟೆ ತೆಗೆದುಕೊಳ್ಳುವವರು ನಾಲ್ಕಕ್ಕೆ ಎದ್ದರೆ ಅದು ಶಿಸ್ತಲ್ಲ, ನಿದ್ದೆಗೆಡುವುದು. ನಿಮ್ಮ ಅಂಗಡಿ ತೆರೆಯುವ ಹೊತ್ತು ಸಂಜೆ. ನಿದ್ದೆಯೂ ಅದಕ್ಕೆ ಹೊಂದಿಕೊಳ್ಳಲಿ.

ತುರ್ತಿನ ಕೆಲಸದ ಹಿಂದೆಯೇ ನಾವು ಯಾಕೆ ಓಡುತ್ತೇವೆ?

ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 24, ದಾವಣಗೆರೆಯಲ್ಲಿ ಮನೆಯ ಮೇಲಿನ ಕೋಣೆಯಲ್ಲಿ ಕೂತು ಸಂಜೆ ಕನ್ನಡದಲ್ಲಿ ಗೇಮ್ ಲೈವ್ ಮಾಡುತ್ತಾನೆ. ಸೋಮವಾರ ಬೆಳಿಗ್ಗೆ ಅವನ ತಲೆಯಲ್ಲಿರುವ ಕೆಲಸಗಳು: ಇವತ್ತಿನ ಲೈವ್‌ಗೆ ಥಂಬ್‌ನೇಲ್, ನಿನ್ನೆಯ ಕಾಮೆಂಟ್‌ಗಳಿಗೆ ಉತ್ತರ, ಒಂದು ಬ್ರ್ಯಾಂಡ್‌ನಿಂದ ಬಂದ ಇಮೇಲ್, ಪರದೆಯ ಓವರ್‌ಲೇ ಬಣ್ಣ ಬದಲಿಸುವುದು, ಹಳೆಯ ಲೈವ್‌ಗಳಿಂದ ಶಾರ್ಟ್ಸ್ ಕತ್ತರಿಸುವುದು, ತೆರಿಗೆ ಮಾಹಿತಿ ತುಂಬುವುದು, ಖಾತೆಯ ಬ್ಯಾಕಪ್ ಕೋಡ್ ಬರೆದಿಡುವುದು, ಹೊಸ ಮೈಕ್‌ನ ವಿಮರ್ಶೆ ನೋಡುವುದು. ಮಧ್ಯೆ ಅಮ್ಮನ ಕೂಗು ಕೆಳಗಿನಿಂದ: ಯಾವಾಗ್ ನೋಡಿದ್ರೂ ಫೋನ್ ಹಿಡ್ಕೊಂಡೇ ಕೂತಿರ್ತೀಯಲ್ಲೋ, ಗ್ಯಾಸ್ ಬುಕ್ ಮಾಡಿದ್ಯಾ?

ಸಂಜೆ ಹೊತ್ತಿಗೆ ಏನೇನು ಮುಗಿದಿರುತ್ತದೆ? ಕಾಮೆಂಟ್‌ಗಳಿಗೆ ಉತ್ತರ ಖಂಡಿತ ಹೋಗಿರುತ್ತದೆ, ಓವರ್‌ಲೇ ಬಣ್ಣ ಬದಲಾಗಿರುತ್ತದೆ. ತೆರಿಗೆ ಮಾಹಿತಿ, ಬ್ಯಾಕಪ್ ಕೋಡ್, ಶಾರ್ಟ್ಸ್ ಮೂರೂ ನಾಳೆಗೆ.

ಇದು ಆ ಹುಡುಗನ ಸೋಮಾರಿತನ ಅಲ್ಲ. 2018ರಲ್ಲಿ ಗ್ರಾಹಕ ಸಂಶೋಧನೆಯ ಒಂದು ಪತ್ರಿಕೆಯಲ್ಲಿ ಮೆಂಗ್ ಝು ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಭಾಗವಹಿಸಿದವರ ಮುಂದೆ ಎರಡು ಕೆಲಸ ಇಟ್ಟರು. ಒಂದಕ್ಕೆ ಪ್ರತಿಫಲ ಕಡಿಮೆ, ಆದರೆ ಗಡುವು ಹತ್ತಿರ. ಇನ್ನೊಂದಕ್ಕೆ ಪ್ರತಿಫಲ ಹೆಚ್ಚು, ಗಡುವು ದೂರ. ಗಡುವಿಗೆ ನಿಜವಾದ ಅರ್ಥವೇ ಇಲ್ಲದಿದ್ದಾಗಲೂ ಜನ ಹತ್ತಿರದ ಗಡುವಿನ ಕೆಲಸದ ಕಡೆ ವಾಲಿದರು. ತಾವು ತುಂಬಾ ಬ್ಯುಸಿ ಎಂದುಕೊಂಡವರಲ್ಲಿ ಈ ಒಲವು ಇನ್ನೂ ಹೆಚ್ಚು. ಅದೇ ಅಧ್ಯಯನದಲ್ಲಿ ಉಪಯೋಗಕ್ಕೆ ಬರುವ ಒಂದು ಅಂಶವೂ ಇದೆ: ಆರಿಸುವ ಹೊತ್ತಿನಲ್ಲೇ ಎರಡರ ಪ್ರತಿಫಲವನ್ನು ಕಣ್ಣ ಮುಂದೆ ಇಟ್ಟಾಗ ಈ ತಪ್ಪು ಕಡಿಮೆಯಾಯಿತು.

ತುರ್ತು ಬೇರೆ, ಮುಖ್ಯ ಬೇರೆ ಎಂಬ ನಾಲ್ಕು ಚೌಕದ ಚಿತ್ರವನ್ನು ನೀವು ನೋಡಿರಬಹುದು. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರಿನಲ್ಲಿ ಅದು ಓಡಾಡುತ್ತದೆ. 1954ರ ಒಂದು ಭಾಷಣದಲ್ಲಿ ಅವರು ಈ ಮಾತು ಎತ್ತಿದ್ದು ಹೌದು, ಆದರೆ ಅದು ಕಾಲೇಜೊಂದರ ಹಿಂದಿನ ಅಧ್ಯಕ್ಷರ ಮಾತು ಎಂದು ಅವರೇ ಹೇಳಿದ್ದರು. ಚೌಕದ ರೂಪದಲ್ಲಿ ಅದನ್ನು ಜನಪ್ರಿಯಗೊಳಿಸಿದ್ದು 1989ರಲ್ಲಿ ಬಂದ ಸ್ಟೀಫನ್ ಕೋವಿ ಅವರ ಪುಸ್ತಕ.

ಲೈವ್ ಮಾಡುವವರಿಗೆ ಆ ಚೌಕ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಯಾಕೆಂದರೆ ಫೋನಿನಲ್ಲಿ ಬರುವ ಎಲ್ಲವೂ ಅವರಿಗೆ ಮುಖ್ಯವಾಗಿಯೇ ಕಾಣುತ್ತದೆ. ಕಾಮೆಂಟ್ ಹಾಕಿದವರು ನಾಳಿನ ವೀಕ್ಷಕರಲ್ಲವೇ? ಅದಕ್ಕಿಂತ ಸರಳವಾದ ಒಂದು ಪ್ರಶ್ನೆ ಕೇಳಿಕೊಳ್ಳಬಹುದು.

ಒಂದು ತಿಂಗಳು ಮಾಡದಿದ್ದರೆ ಏನಾಗುತ್ತದೆ?

ಪಟ್ಟಿಯ ಪ್ರತಿಯೊಂದು ಕೆಲಸಕ್ಕೂ ಈ ಪ್ರಶ್ನೆ ಹಾಕಿ. ಓವರ್‌ಲೇ ಬಣ್ಣವನ್ನು ಒಂದು ತಿಂಗಳು ಬದಲಿಸದಿದ್ದರೆ? ಏನೂ ಆಗುವುದಿಲ್ಲ. ಮೈಕ್ ವಿಮರ್ಶೆ? ಏನೂ ಇಲ್ಲ, ಬದಲಿಗೆ ದುಡ್ಡು ಉಳಿಯುತ್ತದೆ. ಶಾರ್ಟ್ಸ್ ಕತ್ತರಿಸದಿದ್ದರೆ? ಹೊಸಬರು ಚಾನೆಲ್‌ಗೆ ಬರುವ ಒಂದು ಬಾಗಿಲು ತಿಂಗಳು ಪೂರ್ತಿ ಮುಚ್ಚಿರುತ್ತದೆ. ಖಾತೆಯ ಭದ್ರತೆ ಸರಿಮಾಡದಿದ್ದರೆ? ಬಹುಶಃ ಏನೂ ಆಗದು, ಆದರೆ ಆದರೆ ಚಾನೆಲ್ಲೇ ಹೋಗುತ್ತದೆ.

ಹೀಗೆ ಕೇಳುತ್ತಾ ಹೋದರೆ ಕೆಲಸಗಳು ತಾವಾಗಿ ಮೂರು ಗುಂಪಾಗುತ್ತವೆ. ಬಿಟ್ಟರೆ ಚಾನೆಲ್ ಅಥವಾ ಹಣ ಹೋಗುವಂಥವು. ಮಾಡಿದರೆ ವೀಕ್ಷಕರು ಬರುವಂಥವು. ಮಾಡಿದರೆ ನಮಗೆ ಸಮಾಧಾನ ಆಗುವಂಥವು. ಮೂರನೆಯ ಗುಂಪು ಕೆಟ್ಟದ್ದೇನಲ್ಲ, ಆದರೆ ದಿನದ ತಾಜಾ ಹೊತ್ತನ್ನೆಲ್ಲ ಅದೇ ತಿನ್ನುವುದೇ ತೊಂದರೆ. ನಮ್ಮ ದಾವಣಗೆರೆ ಹುಡುಗ ಬೆಳಿಗ್ಗೆ ಎದ್ದ ಮೇಲಿನ ಮೊದಲ ಒಂದು ಗಂಟೆಯನ್ನು, ಯೂಟ್ಯೂಬ್ ತೆರೆಯುವ ಮುಂಚೆ, ಮೊದಲ ಗುಂಪಿನ ಒಂದೇ ಕೆಲಸಕ್ಕೆ ಕೊಟ್ಟರೆ ವಾರದೊಳಗೆ ಆ ಗುಂಪು ಖಾಲಿಯಾಗಬಹುದು. ಅದರಲ್ಲಿ ಬಹುಪಾಲು ಒಂದು ಸಲ ಮಾಡಿದರೆ ಮುಗಿಯುವ ಕೆಲಸಗಳು.

ಎರಡನೆಯ ಗುಂಪಿನದು ಮುಗಿಯುವ ಮಾತಲ್ಲ. ಅದಕ್ಕೆ ವಾರದಲ್ಲಿ ನಿಗದಿ ದಿನ ಬೇಕು. ನಾಲ್ಕು ದಿನ ಲೈವ್, ಒಂದು ದಿನ ಹಳೆಯ ಲೈವ್‌ಗಳಿಂದ ತುಣುಕು ಕತ್ತರಿಸುವುದು, ಅರ್ಧ ದಿನ ಮುಂದಿನ ವಾರದ ಥಂಬ್‌ನೇಲ್‌ಗಳನ್ನು ಒಟ್ಟಿಗೆ ಮಾಡಿಡುವುದು, ಅರ್ಧ ದಿನ ಲೆಕ್ಕ ಮತ್ತು ಇಮೇಲ್, ಒಂದು ದಿನ ಪೂರ್ತಿ ರಜೆ. ಇದೇ ಆಗಬೇಕೆಂದಿಲ್ಲ. ಸೀರೆ ಮಾರುವವರಿಗೆ ಪಾರ್ಸೆಲ್ ಕಟ್ಟುವ ದಿನ ಬೇರೆಯೇ ಬೇಕು, ಅಂಚೆ ಕಚೇರಿ ಮುಚ್ಚುವ ಹೊತ್ತು ಅವರ ದಿನವನ್ನು ನಿರ್ಧರಿಸುತ್ತದೆ. ನಾಲ್ಕು ಥಂಬ್‌ನೇಲ್ ಒಟ್ಟಿಗೆ ಮಾಡುವುದರಿಂದ ಉಳಿಯುವ ಹೊತ್ತು ಎಷ್ಟೆಂದು ಒಂದು ಸಲ ಮಾಡಿದವರಿಗೇ ಗೊತ್ತಾಗುತ್ತದೆ.

ಅದಕ್ಕೆ ಕಾರಣವೂ ಇದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಭಾಗ ಹಿಂದಿನ ಕೆಲಸದಲ್ಲೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ 2009ರ ಅಧ್ಯಯನದಲ್ಲಿ ತೋರಿಸಿದರು. ಮೊದಲ ಕೆಲಸ ಅರ್ಧಕ್ಕೆ ನಿಂತಿದ್ದರೆ ಎರಡನೆಯದು ಸೊರಗುತ್ತದೆ. ಒಟ್ಟಿಗೆ ಐದು ಕೆಲಸ ಮಾಡುವವರು ಎಂದು ಫಾರ್ವರ್ಡ್‌ಗಳು ಹೊಗಳುವವರು ನಿಜದಲ್ಲಿ ಮಾಡುತ್ತಿರುವುದು ಐದರ ನಡುವೆ ಹಾರಾಟ, ಪ್ರತಿ ಹಾರಾಟಕ್ಕೂ ಒಂದಿಷ್ಟು ಹೊತ್ತಿನ ದಂಡ.

ಲೈವ್ ಎಂಬ ಕೆಲಸದ ಸ್ವಭಾವವೇ ಹಾರಾಟ ಎಂಬುದು ನಿಜ. ಆಟ ಆಡಬೇಕು, ಚಾಟ್ ಓದಬೇಕು, ಮಾತು ನಿಲ್ಲಬಾರದು. ಅಲ್ಲಿ ಹಾರಾಟ ತಪ್ಪುವುದಿಲ್ಲ, ಆದ್ದರಿಂದಲೇ ಉಳಿದದ್ದನ್ನು ಆ ಹೊತ್ತಿನಿಂದ ಹೊರಗೆ ಹಾಕಬೇಕು. ಚಾಟ್ ನೋಡಿಕೊಳ್ಳಲು ನಂಬಿಕೆಯ ಇಬ್ಬರು ವೀಕ್ಷಕರನ್ನು ಮಾಡರೇಟರ್ ಮಾಡುವುದು ಹಣ ಖರ್ಚಿಲ್ಲದ ಪರಿಹಾರ. ಬೈಗುಳದ ಪದಗಳನ್ನು ತಡೆಹಿಡಿಯುವ ಪಟ್ಟಿ ಯೂಟ್ಯೂಬಿನಲ್ಲೇ ಇದೆ. ಅದರಲ್ಲಿ ಕನ್ನಡದ ಬೈಗುಳಗಳನ್ನು, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಪಗಳನ್ನೂ ಸೇರಿಸಿ, ನೀವೇ ಕೂತು ಬರೆದಿಡಬೇಕಾಗುತ್ತದೆ.

ಲೈವ್‌ಗೆ ಮುಂಚಿನ ಅರ್ಧ ಗಂಟೆ

ಅಲ್ಗಾರಿದಮ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಮುಂಚೆ ನೋಡಬೇಕಾದ ಕೆಲವು ಸಂಗತಿಗಳಿವೆ. ಡೇಟಾ ಅದರಲ್ಲಿ ಮೊದಲನೆಯದು. 720 ಗುಣಮಟ್ಟದ ಲೈವ್‌ಗೆ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಕಳಿಸಿದರೆ ಗಂಟೆಗೆ ಸುಮಾರು 1.8 ಜಿಬಿ ಖರ್ಚಾಗುತ್ತದೆ. ದಿನಕ್ಕೆ 2 ಜಿಬಿ ಕೊಡುವ ಪ್ಯಾಕ್ ನಂಬಿ ಕೂತರೆ ಒಂದು ಗಂಟೆ ಏಳೆಂಟು ನಿಮಿಷಕ್ಕೆ ವೇಗ ಕುಸಿಯುತ್ತದೆ, ಅದೂ ಆಟದ ಕೊನೆಯ ಸುತ್ತಿನಲ್ಲಿ. ವೇಗ ಪರೀಕ್ಷಿಸುವಾಗ ಹೆಚ್ಚಿನವರು ಡೌನ್‌ಲೋಡ್ ಅಂಕಿ ನೋಡಿ ಖುಷಿಪಡುತ್ತಾರೆ. ಲೈವ್‌ಗೆ ಬೇಕಿರುವುದು ಅಪ್‌ಲೋಡ್. ಅದು ನೀವು ಕಳಿಸುವ ವೇಗದ ಎರಡರಷ್ಟಾದರೂ ಇದ್ದರೆ ನೆಮ್ಮದಿ.

ಇನ್ನು ಕರೆಂಟ್. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ ಎಂದು ಧೈರ್ಯವಾಗಿದ್ದವರು ವೈಫೈ ರೂಟರ್‌ಗೆ ಬ್ಯಾಟರಿ ಇಲ್ಲ ಎಂಬುದನ್ನು ಮೊದಲ ಮಳೆಗೆ ಕಲಿಯುತ್ತಾರೆ. ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಹೊಸ ಮೈಕ್‌ಗಿಂತ ಮೊದಲು ಬರಬೇಕಾದ ಖರ್ಚು. ಮೇ ತಿಂಗಳ ಸಂಜೆಗಳಲ್ಲಿ ನಮ್ಮ ಕಡೆ ಗುಡುಗು ಮಳೆ ಯಾವ ಹೊತ್ತಿಗೆ ಬರುತ್ತದೆ ಎಂದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಸದಾಗಿ ಶುರು ಮಾಡುವವರು ಗಮನಿಸಿ: ಲೈವ್ ಸೌಲಭ್ಯವನ್ನು ಮೊದಲ ಸಲ ಚಾಲೂ ಮಾಡಲು ಫೋನ್ ನಂಬರ್ ಪರಿಶೀಲನೆ ಬೇಕು, ಅದು ಸಕ್ರಿಯವಾಗಲು 24 ಗಂಟೆವರೆಗೆ ಹಿಡಿಯಬಹುದು. ಹಬ್ಬದ ದಿನ ಬೆಳಿಗ್ಗೆ ಬಟನ್ ಒತ್ತಿದರೆ ಹಬ್ಬ ಮುಗಿದ ಮೇಲೆ ಲೈವ್ ಬರುತ್ತದೆ. 2025ರ ಜುಲೈ 22ರಿಂದ 16 ವರ್ಷಕ್ಕಿಂತ ಚಿಕ್ಕವರು ದೊಡ್ಡವರ ಜೊತೆಯಿಲ್ಲದೆ ಯೂಟ್ಯೂಬಿನಲ್ಲಿ ಲೈವ್ ಬರುವಂತಿಲ್ಲ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಹಾಕುವವರಿಗೂ ಒಂದು ಎಚ್ಚರಿಕೆ: ಹಕ್ಕುಸ್ವಾಮ್ಯದ ವಸ್ತು ಪತ್ತೆಯಾದರೆ ಲೈವ್ ನಡುವೆಯೇ ನಿಮ್ಮ ಚಿತ್ರ ಹೋಗಿ ಬರೀ ಒಂದು ನಿಂತ ಚಿತ್ರ ಬರಬಹುದು.

ಈ ಸಣ್ಣಪುಟ್ಟದ್ದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳುವ ಬದಲು ಒಂದು ಹಾಳೆಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ. ಮುಗಿಯದ ಕೆಲಸ ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ, ಅದಕ್ಕೆ ಯಾವಾಗ, ಹೇಗೆ ಎಂದು ನಿಖರವಾದ ಯೋಜನೆ ಬರೆದರೆ, ಕೆಲಸ ಇನ್ನೂ ಆಗದಿದ್ದರೂ ಆ ಕೊರೆತ ತಗ್ಗುತ್ತದೆ ಎಂದು ಮಸಿಕಾಂಪೊ ಮತ್ತು ಬಾಮೈಸ್ಟರ್ 2011ರಲ್ಲಿ ಕಂಡುಕೊಂಡರು. ಆ್ಯಪ್ ಬೇಕಿಲ್ಲ, ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ಕೆಲಸದ ಆ್ಯಪ್‌ಗಳನ್ನು ಹುಡುಕಿ ಹುಡುಕಿ ಇನ್‌ಸ್ಟಾಲ್ ಮಾಡುವುದೂ ಮೂರನೆಯ ಗುಂಪಿನ ಕೆಲಸವೇ.

ಅರ್ಧ ಗಂಟೆ ಕೆಲಸ ಅಂದುಕೊಂಡದ್ದು ಯಾಕೆ ಎರಡು ಗಂಟೆ ಹಿಡಿಯುತ್ತದೆ?

ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾಗುವ ಸಮಯವನ್ನು ಕಡಿಮೆ ಅಂದಾಜು ಮಾಡುತ್ತಾರೆ ಎಂದು ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. 1994ರಲ್ಲಿ ವಿದ್ಯಾರ್ಥಿಗಳನ್ನು ಕೇಳಿ ಮಾಡಿದ ಒಂದು ಅಧ್ಯಯನದಲ್ಲಿ ಪ್ರಬಂಧ ಮುಗಿಸಲು ಅವರು ಕೊಟ್ಟ ಅಂದಾಜು ಸರಾಸರಿ 34 ದಿನ, ನಿಜವಾಗಿ ಹಿಡಿದದ್ದು ಸುಮಾರು 55 ದಿನ. ಹಿಂದೆ ಹೀಗೇ ಆಗಿತ್ತು ಎಂಬುದು ಗೊತ್ತಿದ್ದರೂ ಈ ಸಲ ಹಾಗಾಗದು ಎಂದೇ ಮನಸ್ಸು ನಂಬುತ್ತದೆ. (ಈ ಲೇಖನವನ್ನು ಎರಡು ದಿನದಲ್ಲಿ ಮುಗಿಸುತ್ತೇವೆ ಎಂದಿದ್ದೆವು. ಆರು ದಿನ ಆಯಿತು.) ಮದ್ದು ಸುಲಭ, ಸ್ವಲ್ಪ ನಾಚಿಕೆ ತರಿಸುವಂಥದ್ದು: ಕಳೆದ ಮೂರು ಸಲ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟು, ಅದರ ಸರಾಸರಿಯನ್ನೇ ಈ ಸಲದ ಅಂದಾಜು ಎಂದುಕೊಳ್ಳುವುದು.

21 ದಿನದ ಮಾತು ಎಲ್ಲಿಂದ ಬಂತು? ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರ ತಮ್ಮ ಪುಸ್ತಕದಲ್ಲಿ, ಬದಲಾದ ಮುಖಕ್ಕೆ ರೋಗಿಗಳು ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕಾಗುವುದನ್ನು ಗಮನಿಸಿ ಬರೆದಿದ್ದರು. ಕನಿಷ್ಠ ಎಂಬ ಪದ ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡ 96 ಜನರನ್ನು ಗಮನಿಸಿದಾಗ ಒಂದು ಅಭ್ಯಾಸ ತಾನಾಗಿ ನಡೆಯುವಂತಾಗಲು ಸಾಮಾನ್ಯವಾಗಿ ಹಿಡಿದದ್ದು 66 ದಿನ. ಕೆಲವರಿಗೆ 18 ದಿನದಲ್ಲೇ ಆಯಿತು, ಕೆಲವರಿಗೆ 254 ದಿನ ಎಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಕೆಡುವುದಿಲ್ಲ ಎಂಬುದೂ ಅಲ್ಲಿ ಕಂಡಿತು. ಆದ್ದರಿಂದ 22ನೇ ದಿನ ಲೆಕ್ಕ ಬರೆಯಲು ಬೇಜಾರಾದರೆ ನಿಮ್ಮಲ್ಲಿ ದೋಷವಿಲ್ಲ.

ಒಂದೇ ಆಟ, ಒಂದೇ ಆ್ಯಪ್ ನಂಬಿದರೆ?

2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಹೋಯಿತು. ಅದರ ಜಾಗಕ್ಕೆ 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಆ ಆಟವೊಂದನ್ನೇ ನಂಬಿದ್ದ ಚಾನೆಲ್‌ಗೆ ಸುಮಾರು ಹತ್ತು ತಿಂಗಳ ಅಂತರ.

ಪಟ್ಟಿಯಲ್ಲಿ ತಿಂಗಳಿಗೊಮ್ಮೆಯಾದರೂ ಇರಬೇಕಾದ, ಆದರೆ ಯಾರೂ ನೆನಪಿಸದ ಕೆಲಸ ಇದು: ಬೇರೆ ವಿಷಯದಲ್ಲಿ ಒಂದು ಲೈವ್ ಪ್ರಯತ್ನಿಸುವುದು, ವೀಕ್ಷಕರನ್ನು ಇನ್ನೊಂದು ಜಾಗದಲ್ಲೂ, ಟೆಲಿಗ್ರಾಂ ಇರಲಿ ವಾಟ್ಸಾಪ್ ಚಾನೆಲ್ ಇರಲಿ, ಸೇರಿಸಿಕೊಳ್ಳುವುದು, ಒಳ್ಳೆಯ ಲೈವ್‌ಗಳ ಪ್ರತಿಯನ್ನು ಸ್ವಂತ ಹಾರ್ಡ್ ಡಿಸ್ಕ್‌ನಲ್ಲಿ ಇಡುವುದು.

ಬ್ರ್ಯಾಂಡ್ ಇಮೇಲ್ ಬಂದಾಗ

ದಾವಣಗೆರೆ ಹುಡುಗನ ಪಟ್ಟಿಯಲ್ಲಿ ಒಂದು ಇಮೇಲ್ ಇತ್ತಲ್ಲ, ಅದಕ್ಕೆ ಬರೋಣ. ನಾಳೆಯೊಳಗೆ ಉತ್ತರಿಸಿ ಎಂದು ಬರೆದಿರುತ್ತದೆ. ತುರ್ತು, ಜೊತೆಗೆ ಹಣ. ಯಾರಾದರೂ ಓಡುತ್ತಾರೆ. ಯೂಟ್ಯೂಬರ್‌ಗಳ ಖಾತೆ ಕದಿಯುವವರು ಬಳಸುವ ದಾರಿ ಇದೇ ಎಂದು ಗೂಗಲ್ ಸಂಸ್ಥೆಯ ಬೆದರಿಕೆ ವಿಶ್ಲೇಷಣಾ ತಂಡ 2021ರ ಅಕ್ಟೋಬರ್‌ನಲ್ಲಿ ವಿವರವಾಗಿ ಬರೆದಿತ್ತು. ನಮ್ಮ ಸಾಫ್ಟ್‌ವೇರ್ ಪರಿಚಯಿಸಿ ಎಂದು ನಂಬಿಸಿ ಫೈಲ್ ಕಳಿಸುತ್ತಾರೆ. ತೆರೆದರೆ ಬ್ರೌಸರ್‌ನಲ್ಲಿ ಉಳಿದಿರುವ ಲಾಗಿನ್ ಕುಕಿಗಳು ಅವರ ಕೈಸೇರುತ್ತವೆ. ನೀವು ಈಗಾಗಲೇ ಲಾಗಿನ್ ಆಗಿರುವ ಗುರುತೇ ಕಳುವಾಗುವುದರಿಂದ ಪಾಸ್‌ವರ್ಡ್ ಆಗಲಿ ಒಟಿಪಿ ಆಗಲಿ ಅವರಿಗೆ ಬೇಕಾಗುವುದಿಲ್ಲ. ಆಮೇಲೆ ನಿಮ್ಮ ಚಾನೆಲ್ ಹೆಸರು ಬದಲಾಗಿ ಅಲ್ಲಿ ಕ್ರಿಪ್ಟೊ ಮೋಸದ ಲೈವ್ ನಡೆಯುತ್ತದೆ.

ಒಟಿಪಿ ಯಾರಿಗೂ ಹೇಳದಿದ್ದರೆ ಸಾಕು ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಎರಡು ಹಂತದ ಪರಿಶೀಲನೆ ಇರಲೇಬೇಕು, ಅದರ ಜೊತೆಗೆ ಬ್ರ್ಯಾಂಡ್ ಇಮೇಲ್‌ನ ಫೈಲ್‌ಗಳನ್ನು ಚಾನೆಲ್ ಲಾಗಿನ್ ಆಗಿರುವ ಕಂಪ್ಯೂಟರ್‌ನಲ್ಲಿ ತೆರೆಯಬಾರದು. ಕಂಪನಿಯ ಜಾಲತಾಣಕ್ಕೆ ನೀವೇ ಹೋಗಿ ಅಲ್ಲಿರುವ ವಿಳಾಸಕ್ಕೆ ಬರೆದು ವಿಚಾರಿಸಿ. ನಿಜವಾದ ಬ್ರ್ಯಾಂಡ್ ಎರಡು ದಿನ ಕಾಯುತ್ತದೆ. ಹಣ ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ಬೆಟ್ಟಿಂಗ್ ಅಥವಾ ದುಡ್ಡು ಕಟ್ಟಿ ಆಡುವ ಆಟದ ಜಾಹೀರಾತಿನ ಕೊಡುಗೆ ಬಂದರೆ ಯೋಚಿಸುವ ಅಗತ್ಯವೇ ಇಲ್ಲ. 2025ರ ಆಗಸ್ಟ್‌ನಲ್ಲಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸುವುದಷ್ಟೇ ಅಲ್ಲ, ಜಾಹೀರಾತು ಮಾಡಿದವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ಉಳಿದ ಜಾಹೀರಾತುಗಳಿಗೆ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿ ಇದೆ. ಇದು ಹಣ ಪಡೆದ ಪ್ರಚಾರ ಎಂಬ ಸೂಚನೆ ಲೈವ್‌ನಲ್ಲಿ ಆರಂಭದಲ್ಲಿ ಒಮ್ಮೆ ಬಂದರೆ ಸಾಲದು, ಲೈವ್ ಮುಗಿಯುವವರೆಗೂ ಪರದೆಯ ಮೇಲೆ ಎದ್ದು ಕಾಣುವಂತೆ ಇರಬೇಕು. ಓವರ್‌ಲೇ ಬದಲಿಸುವ ಆಸೆ ಇದ್ದವರು ಈ ನೆಪದಲ್ಲಿ ಬದಲಿಸಬಹುದು.

ಲೆಕ್ಕದ ತಾರೀಕುಗಳು

ಯೂಟ್ಯೂಬ್ ಹಣ ತಿಂಗಳ ಕೊನೆಗೆ ಸಂಬಳದಂತೆ ಬರುತ್ತದೆ ಎಂದು ಮನೆಯವರು ತಿಳಿದಿರುತ್ತಾರೆ. ಒಂದು ತಿಂಗಳ ಗಳಿಕೆ ಮುಂದಿನ ತಿಂಗಳು 7ರಿಂದ 12ರ ನಡುವೆ ಖಾತೆಯಲ್ಲಿ ಕಾಣಿಸಿಕೊಂಡು, 21ರಿಂದ 26ರ ನಡುವೆ ಬ್ಯಾಂಕಿಗೆ ಹೊರಡುತ್ತದೆ, ಅದೂ ಒಟ್ಟು 100 ಡಾಲರ್ ಮುಟ್ಟಿದ್ದರೆ. ಇಲ್ಲದಿದ್ದರೆ ಮುಂದಿನ ತಿಂಗಳಿಗೆ ಜಮೆ. ಕಂತು, ಬಾಡಿಗೆಯ ತಾರೀಕುಗಳನ್ನು ಇದಕ್ಕೆ ಹೊಂದಿಸಿಕೊಳ್ಳದೆ ಹೊಸ ಫೋನ್ ಇಎಂಐನಲ್ಲಿ ತಗೊಂಡರೆ ಕಷ್ಟ.

ಮುಂದೂಡುತ್ತಲೇ ಬಂದ ಆ ತೆರಿಗೆ ಮಾಹಿತಿಯ ಬೆಲೆಯೂ ಕಡಿಮೆಯಲ್ಲ. ಅಮೆರಿಕದ ವೀಕ್ಷಕರಿಂದ ಬಂದ ಗಳಿಕೆಯ ಮೇಲೆ ಅಲ್ಲಿನ ತೆರಿಗೆ ಕಡಿತ 2021ರಿಂದ ಜಾರಿಯಲ್ಲಿದೆ. ಮಾಹಿತಿ ತುಂಬಿದ ಭಾರತೀಯರಿಗೆ ಒಪ್ಪಂದದ ಪ್ರಕಾರ ಅದು 15%, ಅದೂ ಅಮೆರಿಕದ ವೀಕ್ಷಣೆಯ ಪಾಲಿಗೆ ಮಾತ್ರ. ತುಂಬದೇ ಬಿಟ್ಟರೆ ಜಗತ್ತಿನೆಲ್ಲೆಡೆಯ ಒಟ್ಟು ಗಳಿಕೆಯ ಮೇಲೆ 24%ವರೆಗೆ ಕಡಿತವಾಗಬಹುದು. ಅರ್ಧ ಗಂಟೆಯ ಕೆಲಸ. ಪಾನ್ ಕಾರ್ಡ್ ಕೈಯಲ್ಲಿರಲಿ.

ಇಲ್ಲಿನ ಆದಾಯ ತೆರಿಗೆಯಲ್ಲಿ, ಕಡಿತವಾದದ್ದು ಕಳೆದು ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾಗುವುದಿದ್ದರೆ ಮುಂಗಡ ತೆರಿಗೆ ಕಟ್ಟಬೇಕು: ಜೂನ್ 15ಕ್ಕೆ 15%, ಸೆಪ್ಟೆಂಬರ್ 15ಕ್ಕೆ ಒಟ್ಟು 45%, ಡಿಸೆಂಬರ್ 15ಕ್ಕೆ 75%, ಮಾರ್ಚ್ 15ಕ್ಕೆ ಪೂರ್ತಿ. ತಪ್ಪಿದರೆ ಬಡ್ಡಿ. ಬ್ರ್ಯಾಂಡ್ ಕೊಟ್ಟ ಫೋನ್, ಕುರ್ಚಿ ಉಚಿತ ಎಂದುಕೊಳ್ಳಬೇಡಿ. ಒಂದು ಕಂಪನಿಯಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ಅಂಥ ಕೊಡುಗೆಗಳಿಗೆ 10% ಮೂಲದಲ್ಲೇ ತೆರಿಗೆ ಕಡಿತದ ನಿಯಮ 2022ರ ಜುಲೈನಿಂದ ಇದೆ, ಅದರ ಬೆಲೆ ನಿಮ್ಮ ಆದಾಯಕ್ಕೆ ಸೇರುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುತ್ತದೆ. ಆ ಹಂತಕ್ಕೆ ಬಂದವರು ಒಬ್ಬ ಲೆಕ್ಕಪರಿಶೋಧಕರನ್ನು ಕಾಣುವುದು ಲೇಸು. ಮೈಕ್, ಇಂಟರ್ನೆಟ್ ಬಿಲ್, ರೂಟರ್ ಯುಪಿಎಸ್ ರಸೀದಿಗಳನ್ನು ಒಂದು ಲಕೋಟೆಯಲ್ಲಿ ಹಾಕಿಟ್ಟಿದ್ದರೆ ಅವರ ಬಳಿ ಹೋದಾಗ ಖರ್ಚು ತೋರಿಸಲು ಬರುತ್ತದೆ. ಗ್ಯಾಸ್ ಬುಕ್ ಮಾಡಿದ ರಸೀದಿ ಆ ಲಕೋಟೆಗೆ ಬೇಡ.